ಕೊನೆಯ 33 ಕಿಲೋಮೀಟರ್

ಚಿಕ್ಕಮಗಳೂರಿನಿಂದ ಇಟಲಿಯ ಟ್ರಿಯೆಸ್ತೆಗೆ ಸುಮಾರು 7,000 ಕಿಲೋಮೀಟರ್. ಅದರಲ್ಲಿ ನನ್ನ ನಿದ್ದೆ ಕೆಡಿಸಿದ್ದು ಕೊನೆಯ 33 ಕಿಲೋಮೀಟರ್ ಮಾತ್ರ.

ವಿಮಾನ ಹತ್ತಿದ ಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಕೂರಿಸುತ್ತಾರೆ, ಊಟ ಕೊಡುತ್ತಾರೆ, ಇಳಿಸುತ್ತಾರೆ. ದೊಡ್ಡ ಏರ್‌ಪೋರ್ಟಿನಲ್ಲಿ ಬಾಣದ ಗುರುತು ನೋಡುತ್ತಾ ನಡೆದರೆ ಸಾಕು. ಆದರೆ ಸಣ್ಣ ಊರಿನ ಏರ್‌ಪೋರ್ಟಿನಲ್ಲಿ ಇಳಿದು, ಭಾಷೆ ಬಾರದೆ, ಎರಡು ಬ್ಯಾಗ್ ಎಳೆದುಕೊಂಡು, ಕತ್ತಲಾಗುವುದರೊಳಗೆ ಗೆಸ್ಟ್‌ಹೌಸ್ ಸೇರಬೇಕಲ್ಲ, ಅದೇ ಕಷ್ಟ. ನಮ್ಮ ಕಡೆಯ ಮೇಷ್ಟ್ರುಗಳು, ಪಿಎಚ್‌ಡಿ ಮಾಡುವ ಹುಡುಗ ಹುಡುಗಿಯರು ಆ ಊರಿಗೆ ಹೋಗುತ್ತಲೇ ಇರುತ್ತಾರೆ. ಅವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಡಿಗ್ರಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನವೆಂಬರಿನ ಎರಡು ವಾರದ ಶಿಬಿರಕ್ಕೆ ಟ್ರಿಯೆಸ್ತೆಯ ಐಸಿಟಿಪಿ, ಅಂದರೆ ಸೈದ್ಧಾಂತಿಕ ಭೌತವಿಜ್ಞಾನದ ಅಂತರರಾಷ್ಟ್ರೀಯ ಕೇಂದ್ರದಿಂದ ನನಗೆ ಕರೆ ಬಂದಿತ್ತು. ಟ್ರಿಯೆಸ್ತೆ ಇರುವುದು ಇಟಲಿಯ ಈಶಾನ್ಯ ಮೂಲೆಯಲ್ಲಿ, ಸ್ಲೊವೇನಿಯಾದ ಗಡಿಗೆ ಅಂಟಿಕೊಂಡು. ಐಸಿಟಿಪಿಯನ್ನು 1964ರಲ್ಲಿ ಶುರು ಮಾಡಿದವರು ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ. ಲಾಹೋರಿನಲ್ಲಿ ಪಾಠ ಮಾಡುತ್ತಿದ್ದಾಗ ತಮ್ಮ ವಿಷಯದ ಬಗ್ಗೆ ಮಾತಾಡಲು ಒಬ್ಬರೂ ಸಿಗದೆ ಅವರು ಒಂಟಿಯಾಗಿದ್ದರು. ಕೊನೆಗೆ ದೇಶವನ್ನೇ ಬಿಟ್ಟು ಹೋದರು. ತಮಗೆ ಬಂದ ಈ ಕಷ್ಟ ಬಡ ದೇಶಗಳ ಬೇರೆ ವಿಜ್ಞಾನಿಗಳಿಗೆ ಬರಬಾರದು, ಅವರು ಆಗಾಗ ಇಲ್ಲಿಗೆ ಬಂದು ಕಲಿತು ಮತ್ತೆ ತಮ್ಮೂರಿಗೇ ಹೋಗಿ ಕೆಲಸ ಮಾಡುವಂತಾಗಬೇಕು ಅನ್ನುವುದು ಅವರ ಆಸೆಯಾಗಿತ್ತು. ಸಣ್ಣ ಊರಿನ ಕಾಲೇಜಿನಲ್ಲಿ ಪಾಠ ಮಾಡುವ ನನ್ನಂಥವಳಿಗೆ ಆ ಮಾತು ಎಷ್ಟು ಹತ್ತಿರ ಅಂತ ಹೇಳುವುದು ಕಷ್ಟ.

ನನಗೆ ಪಾಠ ಹೇಳಿದ ಮೇಷ್ಟ್ರು 1993ರಲ್ಲಿ ಅಲ್ಲಿಗೆ ಹೋಗಿ ಬಂದವರು. ಈಗ ನಿವೃತ್ತರು. ಹೊರಡುವ ವಾರ ಅವರ ಮನೆಗೆ ಹೋದೆ. ಹಳೆಯ ಡೈರಿ ತೆಗೆದು ಕೂತಿದ್ದರು.

"ನೋಡಮ್ಮ, ಏರ್‌ಪೋರ್ಟ್ ಅಂತ ಹೆಸರಿಗೆ ಟ್ರಿಯೆಸ್ತೆ. ಊರು ಅಲ್ಲಿಂದ 33 ಕಿಲೋಮೀಟರ್ ದೂರ. ಹೊರಗೆ ಬಂದರೆ ಬಸ್ಸು ನಿಂತಿರುತ್ತೆ. ಬಲಗಡೆ ಕಿಟಕಿ ಹಿಡಿ, ಸಮುದ್ರ ಕಾಣುತ್ತೆ."

"ಸರ್, ಈಗ ರೈಲು ಇದೆಯಂತೆ."

"ರೈಲಾ? ನಮ್ಮ ಕಾಲದಲ್ಲಿ ಹಳಿ ಪಕ್ಕದಲ್ಲೇ ಇತ್ತು. ರೈಲು ಹೋಗೋದು ಕಾಣಿಸ್ತಿತ್ತು. ನಿಲ್ತಾ ಇರಲಿಲ್ಲ."

ಡೈರಿಯ ಆ ಪುಟವನ್ನು ಫೋನಿನಲ್ಲಿ ಫೋಟೋ ಹೊಡೆದುಕೊಂಡೆ. ಲೀರಾದಲ್ಲಿ ಬರೆದ ಲೆಕ್ಕ, ಬಸ್ಸಿನ ಹೊತ್ತು, ಪೆನ್ಸಿಲಿನಲ್ಲಿ ಬಿಡಿಸಿದ ಒಂದು ಪುಟ್ಟ ನಕ್ಷೆ. ಈಗ ಯೂರೋ ಬಂದಿದೆ, ಹೊತ್ತು ಬದಲಾಗಿದೆ. ಆದರೂ ಇರಲಿ ಅನ್ನಿಸಿತು.

ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಬಸ್ಸು, ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ವಾಯುವಜ್ರ. ಇದೆಲ್ಲ ಗೊತ್ತಿದ್ದದ್ದೇ. ರಾತ್ರಿ ವಿಮಾನ, ಬೆಳಿಗ್ಗೆ ಫ್ರಾಂಕ್‌ಫರ್ಟ್. ಇಲ್ಲಿ ಒಂದು ವಿಷಯ ಹೇಳಬೇಕು. ಯುರೋಪಿನ ಷೆಂಗೆನ್ ದೇಶಗಳಿಗೆಲ್ಲ ಒಂದೇ ವೀಸಾ ಆದ್ದರಿಂದ ಪಾಸ್‌ಪೋರ್ಟ್ ತಪಾಸಣೆ ಮಾಡುವುದು ಮೊದಲು ಕಾಲಿಡುವ ದೇಶದಲ್ಲಿ. ನನ್ನ ಪಾಲಿಗೆ ಅದು ಜರ್ಮನಿ. ಅಲ್ಲಿ ಸಾಲು ಉದ್ದ ಇರುತ್ತದೆ. ಮುಂದಿನ ವಿಮಾನಕ್ಕೆ ಕನಿಷ್ಠ ಎರಡು ಗಂಟೆ ಬಿಡುವು ಇರುವ ಟಿಕೆಟನ್ನೇ ತೆಗೆದುಕೊಳ್ಳಿ. ಕರೆಪತ್ರ, ವಾಪಸ್ ಟಿಕೆಟ್, ವಿಮೆ, ಉಳಿಯುವ ಜಾಗದ ಕಾಗದ ಇವೆಲ್ಲ ಕೈಚೀಲದಲ್ಲೇ ಇರಲಿ. ನನ್ನನ್ನು ಕೇಳಿದರು, ತೋರಿಸಿದೆ, ಬಿಟ್ಟರು.

ಹಾಗಾಗಿ ಟ್ರಿಯೆಸ್ತೆಯಲ್ಲಿ ಇಳಿದಾಗ ಯಾವ ತಪಾಸಣೆಯೂ ಇಲ್ಲ. ಮೇಲಿನಿಂದ ಆಲ್ಪ್ಸ್ ಬೆಟ್ಟಗಳ ಹಿಮ ಕಾಣುತ್ತದೆ, ಆಮೇಲೆ ಚಪ್ಪಟೆ ಹೊಲಗಳು, ಆಚೆ ಗ್ರಾದೊ ಊರಿನ ಹಿನ್ನೀರು. ಒಂದೇ ರನ್‌ವೇ, ಒಂದೇ ಟರ್ಮಿನಲ್. ಹುಬ್ಬಳ್ಳಿಯ ಏರ್‌ಪೋರ್ಟ್ ನೋಡಿದವರಿಗೆ ಇದರ ಅಂದಾಜು ಸಿಗುತ್ತದೆ. ಬ್ಯಾಗ್ ಬರುವ ಬೆಲ್ಟಿನಿಂದ ಹೊರಬಾಗಿಲಿಗೆ ಕೆಲವೇ ಹೆಜ್ಜೆ. ಫ್ರಾಂಕ್‌ಫರ್ಟಿನ ಗಡಿಬಿಡಿ ಆದ ಮೇಲೆ ಆ ಸಣ್ಣತನ ನನಗೆ ತುಂಬ ಹಿಡಿಸಿತು. ಇಲ್ಲಿ ಯಾರೂ ಕಳೆದುಹೋಗಲು ಸಾಧ್ಯವೇ ಇಲ್ಲ.

ಏರ್‌ಪೋರ್ಟ್ ಇರುವ ಊರಿನ ಹೆಸರು ರೊಂಕಿ ದೇಯ್ ಲೆಜಿಯೊನಾರಿ. 1919ರಲ್ಲಿ ಇಲ್ಲಿಂದ ಒಂದು ಪಡೆ ಫಿಯೂಮೆ ಊರನ್ನು ಹಿಡಿಯಲು ಹೊರಟಿತ್ತು, ಆ ನೆನಪಿಗೆ ಬಾಲದ ಹೆಸರು ಸೇರಿಕೊಂಡಿದೆ. ಫಿಯೂಮೆ ಈಗ ಕ್ರೊಯೇಷಿಯಾದಲ್ಲಿದೆ, ಹೆಸರು ರಿಯೆಕಾ. ಈ ಭಾಗದಲ್ಲಿ ಯಾವ ಊರು ಯಾವ ಕಾಲದಲ್ಲಿ ಯಾರದಾಗಿತ್ತು ಅಂತ ಕೇಳುತ್ತಾ ಹೋದರೆ ದಿನ ಸಾಲದು. ಟ್ರಿಯೆಸ್ತೆಯೇ 1918ರವರೆಗೆ ಆಸ್ಟ್ರಿಯಾದ ಕೈಯಲ್ಲಿತ್ತು.

ಹೊರಗೆ ಬಂದ ತಕ್ಷಣ ರೈಲಿನ ಚಿತ್ರ ಇರುವ ಬೋರ್ಡ್ ಹುಡುಕಿ. ಅದರ ಹಿಂದೆ ಹೋದರೆ ಎತ್ತರದಲ್ಲಿ, ರಸ್ತೆಯ ಮೇಲೆ ಹಾದು ಹೋಗುವ ಒಂದು ಮುಚ್ಚಿದ ಸೇತುವೆ ಸಿಗುತ್ತದೆ. ಉದ್ದ 425 ಮೀಟರ್. ಒಂದು ತುದಿಯಲ್ಲಿ ಟರ್ಮಿನಲ್, ಇನ್ನೊಂದು ತುದಿಯಲ್ಲಿ ರೈಲ್ವೆ ಸ್ಟೇಷನ್. ನಡುವೆ ಬಸ್ಸುಗಳು ನಿಲ್ಲುವ ಜಾಗ, ಕಾರು ನಿಲ್ಲಿಸುವ ಜಾಗ. 2018ರ ಮಾರ್ಚಿನಲ್ಲಿ ಇದು ಶುರುವಾಯಿತು. ಮೇಷ್ಟ್ರು ನೋಡಿದ ಅದೇ ಹಳಿ, ಅದೇ ವೆನಿಸ್–ಟ್ರಿಯೆಸ್ತೆ ದಾರಿ. ಹೊಸದಾಗಿ ಹಳಿ ಹಾಕಲಿಲ್ಲ. ಹಾದು ಹೋಗುತ್ತಿದ್ದ ರೈಲು ನಿಲ್ಲಲು ಒಂದು ಪ್ಲಾಟ್‌ಫಾರ್ಮ್ ಕಟ್ಟಿದರು, ಅಲ್ಲಿಗೆ ಮಳೆಯಲ್ಲಿ ನೆನೆಯದೆ ನಡೆದು ಹೋಗಲು ದಾರಿ ಮಾಡಿದರು.

ಆ ಸೇತುವೆಯ ಮೇಲೆ ಬ್ಯಾಗ್ ಎಳೆದುಕೊಂಡು ನಡೆಯುವಾಗ ನನಗೆ ದೇವನಹಳ್ಳಿಯೇ ಕಣ್ಣ ಮುಂದೆ ಬಂತು. ನಮ್ಮ ಏರ್‌ಪೋರ್ಟಿನ ಹತ್ತಿರವೂ ಹಳಿ ಇದೆ. 2021ರ ಜನವರಿಯಲ್ಲಿ ಅಲ್ಲೂ ಒಂದು ಹಾಲ್ಟ್ ಸ್ಟೇಷನ್ ಶುರುವಾಯಿತು. ಆದರೆ ಅಲ್ಲಿ ಇಳಿದವರು ಟರ್ಮಿನಲ್ ಸೇರಲು ಮತ್ತೆ ಒಂದು ಬಸ್ಸು ಹತ್ತಬೇಕು. ಬ್ಯಾಗ್ ಹೊತ್ತವರಿಗೆ ಆ ಒಂದು ಬಸ್ಸೇ ಭಾರ. ಚಿಕ್ಕ ಟ್ರಿಯೆಸ್ತೆಗೆ ಸಾಧ್ಯವಾದದ್ದು ಅಷ್ಟು ದೊಡ್ಡ ಬೆಂಗಳೂರಿಗೂ ಸಾಧ್ಯವಾಗಬೇಕು ಅಲ್ವಾ? ಇದನ್ನು ದೂರು ಅಂತ ಹೇಳುತ್ತಿಲ್ಲ. ಆಗಲಿ ಅನ್ನುವ ಆಸೆಯಿಂದ ಹೇಳುತ್ತಿದ್ದೇನೆ.

ಟಿಕೆಟಿಗೆ ಸ್ಟೇಷನ್ನಿನಲ್ಲಿ ಯಂತ್ರ ಇದೆ. ಮೊದಲು ಭಾಷೆ ಇಂಗ್ಲಿಷ್ ಮಾಡಿಕೊಳ್ಳಿ, ಆಮೇಲೆ ಹೋಗಬೇಕಾದ ಊರು ಆರಿಸಿ. ನಮಗೆ ಬೇಕಾದದ್ದು ಟ್ರಿಯೆಸ್ತೆ ಚೆಂತ್ರಾಲೆ, ಅಂದರೆ ಊರಿನ ಮುಖ್ಯ ಸ್ಟೇಷನ್. ಟ್ಯಾಕ್ಸಿಗೆ ಹೋಲಿಸಿದರೆ ರೈಲಿನ ದುಡ್ಡು ಏನೇನೂ ಅಲ್ಲ. ಸುಮಾರು ಅರ್ಧ ಗಂಟೆಯ ಪ್ರಯಾಣ. ನಾನು ಟಿಕೆಟ್ ಕೈಗೆ ಬಂದ ಖುಷಿಯಲ್ಲಿ ನೇರ ಪ್ಲಾಟ್‌ಫಾರ್ಮಿಗೆ ಹೋದೆ. ಹತ್ತು ನಿಮಿಷದಲ್ಲಿ ರೈಲು ಬಂತು, ಹತ್ತಿದೆ. ಬಲಗಡೆ ಕಿಟಕಿಯೂ ಸಿಕ್ಕಿತು.

ಅಲ್ಲೇ ತಪ್ಪು ಮಾಡಿದ್ದೆ.

ಮುಂದಿನ ಸ್ಟೇಷನ್ ಮೊನ್‌ಫಾಲ್ಕೊನೆ. ಅಲ್ಲಿ ದೊಡ್ಡ ಹಡಗು ಕಟ್ಟುವ ಕಾರ್ಖಾನೆ ಇದೆ. ಸಮುದ್ರದ ಮೇಲೆ ತೇಲುವ ಊರಿನಂತಿರುವ ಕ್ರೂಸ್ ಹಡಗುಗಳು ಅಲ್ಲಿ ತಯಾರಾಗುತ್ತವೆ. ಅಲ್ಲಿ ಕೆಲಸ ಮಾಡುವ ಬಾಂಗ್ಲಾದೇಶದ ಜನ ತುಂಬ. ರೈಲು ನಿಂತಾಗ ಇದ್ದಕ್ಕಿದ್ದಂತೆ ಬೋಗಿಯಲ್ಲಿ ಬಂಗಾಳಿ ಮಾತು ಕೇಳಿಸಿತು. ಎದುರು ಸೀಟಿನಲ್ಲಿ ನಡುವಯಸ್ಸಿನ ಒಬ್ಬರು ಬಂದು ಕೂತರು. ನನ್ನ ಬ್ಯಾಗಿಗೆ ಇನ್ನೂ ಅಂಟಿದ್ದ ವಿಮಾನದ ಚೀಟಿ ನೋಡಿ, ಹಿಂದಿಯಲ್ಲಿ, "ಇಂಡಿಯಾನಾ ದೀದಿ?" ಅಂದರು. ಹೌದು ಅಂದೆ. ಎರಡು ಮಾತು ಆಡಿದ ಮೇಲೆ ನನ್ನ ಕೈಯಲ್ಲಿದ್ದ ಟಿಕೆಟ್ ಕಡೆ ನೋಡಿ ಗಂಭೀರವಾದರು.

"ದೀದಿ, ಮುದ್ರೆ ಹಾಕಿಸಿಲ್ಲವಲ್ಲ?"

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಇಟಲಿಯಲ್ಲಿ ಪ್ರಾದೇಶಿಕ ರೈಲಿನ ಕಾಗದದ ಟಿಕೆಟಿಗೆ ಇಂಥದ್ದೇ ರೈಲು ಅಂತ ಇರುವುದಿಲ್ಲ. ಹತ್ತುವ ಮೊದಲು ಪ್ಲಾಟ್‌ಫಾರ್ಮಿನಲ್ಲಿರುವ ಒಂದು ಸಣ್ಣ ಪೆಟ್ಟಿಗೆಯ ಬಾಯಿಗೆ ಟಿಕೆಟ್ ತೂರಿಸಬೇಕು. ಅದು ತಾರೀಖು, ಹೊತ್ತು ಒತ್ತಿ ಕೊಡುತ್ತದೆ. ಅಲ್ಲಿಂದ ನಾಲ್ಕು ಗಂಟೆ ಟಿಕೆಟಿಗೆ ಜೀವ. ಒತ್ತಿಸದಿದ್ದರೆ ಅದೇ ಟಿಕೆಟನ್ನು ಇನ್ನೊಮ್ಮೆ ಬಳಸಲು ಇಟ್ಟುಕೊಂಡಿದ್ದೀರಿ ಅನ್ನುವ ಲೆಕ್ಕ. ದಂಡ ಬೀಳುತ್ತದೆ. ಹೊಸಬರು, ಗೊತ್ತಿರಲಿಲ್ಲ ಅಂದರೂ ಕೇಳಬೇಕೆಂದಿಲ್ಲ. ಫೋನಿನಲ್ಲಿ ತೆಗೆದ ಟಿಕೆಟಿಗೆ ಈ ಪೆಟ್ಟಿಗೆಯ ಮುದ್ರೆ ಬೇಡ.

ನನ್ನ ಎದೆ ಹೊಡೆದುಕೊಳ್ಳತೊಡಗಿತು. ಕಾಲಿಟ್ಟ ಒಂದು ಗಂಟೆಯಲ್ಲೇ ಪರದೇಶದಲ್ಲಿ ಟಿಕೆಟ್ ಇಲ್ಲದವಳಾಗಿ ನಿಲ್ಲುವುದೆಂದರೆ!

"ಈಗ ಏನು ಮಾಡೋದು ಭೈಯಾ?"

"ಅವರು ಬರುವವರೆಗೆ ಕಾಯಬೇಡಿ. ನೀವೇ ಎದ್ದು ಹೋಗಿ. ಕೂತಲ್ಲೇ ಸಿಕ್ಕಿಬಿದ್ದರೆ ಬೇರೆ, ನೀವಾಗಿಯೇ ಹೋಗಿ ಹೇಳಿದರೆ ಬೇರೆ. ಬ್ಯಾಗ್ ನಾನು ನೋಡಿಕೊಳ್ಳುತ್ತೇನೆ."

ಹೋದೆ. ಎರಡು ಬೋಗಿ ದಾಟಿದ ಮೇಲೆ ಕಂಡಕ್ಟರ್ ಸಿಕ್ಕರು, ಕಿರಿಯ ವಯಸ್ಸಿನ ಹೆಣ್ಣುಮಗಳು. ಟಿಕೆಟ್ ತೋರಿಸಿ, ಏರ್‌ಪೋರ್ಟಿನಲ್ಲಿ ಹತ್ತಿದೆ, ಮೊದಲ ಸಲ ಬಂದಿದ್ದೇನೆ, ಮುದ್ರೆ ಮರೆತೆ ಅಂತ ಸರಳ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಟಿಕೆಟ್ ನೋಡಿದರು, ನನ್ನ ಮುಖ ನೋಡಿದರು. ಜೇಬಿನಿಂದ ಪೆನ್ನು ತೆಗೆದು ತಾರೀಖು, ಹೊತ್ತು ಬರೆದು ಸಹಿ ಹಾಕಿ ಕೊಟ್ಟರು. "ನೆಕ್ಸ್ಟ್ ಟೈಮ್, ಮೆಷಿನ್" ಅಂದರು. ಎಲ್ಲರೂ ಹೀಗೆ ಬಿಡುತ್ತಾರೆ ಅಂತ ನಾನು ಹೇಳಲಾರೆ. ದಯವಿಟ್ಟು ಆ ಪೆಟ್ಟಿಗೆಯನ್ನು ಮರೆಯಬೇಡಿ.

ವಾಪಸ್ ಬಂದು ಕೂತಾಗ ಆ ಅಣ್ಣ ನನ್ನ ಬ್ಯಾಗಿನ ಮೇಲೆ ಕೈ ಇಟ್ಟುಕೊಂಡೇ ಕಾದಿದ್ದರು. ನಾನು ಧನ್ಯವಾದ ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ಅಲ್ಲಿ ನೋಡಿ" ಅಂತ ಕಿಟಕಿ ತೋರಿಸಿದರು.

ಸಮುದ್ರ.

ಮೊನ್‌ಫಾಲ್ಕೊನೆ ದಾಟಿ ಸ್ವಲ್ಪ ಹೊತ್ತು ಸುಣ್ಣಕಲ್ಲಿನ ಗುಡ್ಡ, ಕುರುಚಲು ಗಿಡ, ಕೆಂಪಾದ ಎಲೆ ಮಾತ್ರ ಇರುತ್ತವೆ. ಈ ಕಲ್ಲು ನೆಲಕ್ಕೆ ಕಾರ್ಸೊ ಅಂತ ಹೆಸರು. ಆಮೇಲೆ ಒಮ್ಮೆಗೇ ನೆಲ ಕೆಳಗೆ ಇಳಿದುಬಿಡುತ್ತದೆ. ರೈಲು ಗುಡ್ಡದ ಅಂಚಿನಲ್ಲಿ ಉಳಿಯುತ್ತದೆ, ಕೆಳಗೆ ಇಡೀ ಏಡ್ರಿಯಾಟಿಕ್. ನವೆಂಬರಿನಲ್ಲಿ ಅಲ್ಲಿ ನಾಲ್ಕೂಮುಕ್ಕಾಲರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತದೆ. ನೀರೆಲ್ಲ ತಾಮ್ರದ ಹಂಡೆಯ ಬಣ್ಣ. ವಿಯೆನ್ನಾದಿಂದ ಇಲ್ಲಿಗೆ ರೈಲು ಬಂದದ್ದು 1857ರಲ್ಲಿ. ಬೆಟ್ಟ ದಾಟಿ ಬಂದ ಆ ಕಾಲದ ಪ್ರಯಾಣಿಕರಿಗೂ ಸಮುದ್ರ ಹೀಗೇ ಒಮ್ಮೆಗೇ ಕಂಡಿರಬೇಕು.

ಕೆಳಗೆ ನೀರಿಗೆ ಚಾಚಿದ ಬಂಡೆಯ ಮೇಲೆ ಬಿಳಿ ಕೋಟೆಯೊಂದು ಕಂಡಿತು. ಮಿರಾಮಾರೆ. ಆಸ್ಟ್ರಿಯಾದ ರಾಜಮನೆತನದ ಮ್ಯಾಕ್ಸಿಮಿಲಿಯನ್ ತನಗಾಗಿ ಕಟ್ಟಿಸಿದ್ದು. ಅವನು 1864ರಲ್ಲಿ ಮೆಕ್ಸಿಕೋದ ಚಕ್ರವರ್ತಿಯಾಗಲು ಇಲ್ಲಿಂದಲೇ ಹಡಗು ಹತ್ತಿದ. ಮೂರು ವರ್ಷಕ್ಕೆ ಅಲ್ಲಿ ಅವನನ್ನು ಗುಂಡಿಟ್ಟು ಕೊಂದರು. ನಾನು ಹೋಗಬೇಕಾದ ಐಸಿಟಿಪಿ ಇರುವುದು ಇದೇ ಕೋಟೆಯ ಪಕ್ಕದಲ್ಲಿ. ಕೋಟೆಯ ಹತ್ತಿರ ಒಂದು ಪುಟ್ಟ ಸ್ಟೇಷನ್ ಕೂಡ ಇದೆ. ಆದರೆ ನಾನಿದ್ದ ರೈಲು ಅಲ್ಲಿ ನಿಲ್ಲಲಿಲ್ಲ. ಸೇರಬೇಕಾದ ಜಾಗ ಕಣ್ಣೆದುರೇ ಹಿಂದೆ ಸರಿಯಿತು. ಊರಿನವರೆಗೆ ಹೋಗಿ ವಾಪಸ್ ಬರಬೇಕು.

ಟ್ರಿಯೆಸ್ತೆ ಚೆಂತ್ರಾಲೆ ಈ ದಾರಿಯ ಕೊನೆಯ ಸ್ಟೇಷನ್. ಮಲಗಿಬಿಟ್ಟರೂ ಭಯವಿಲ್ಲ. ಸ್ಟೇಷನ್ನಿನ ಹೊರಗೆ ಚೌಕ, ಅಲ್ಲೇ ಸಿಟಿ ಬಸ್ಸುಗಳು. ಗೆಸ್ಟ್‌ಹೌಸ್ ಇರುವ ಗ್ರಿನ್ಯಾನೊ ಕಡೆಗೆ 6ನೇ ನಂಬರಿನ ಬಸ್ಸು. ಬಸ್ಸಿನ ಟಿಕೆಟನ್ನು ತಬಾಕ್ಕಿ ಅನ್ನುವ ಅಂಗಡಿಯಲ್ಲಿ ಮೊದಲೇ ಕೊಂಡುಕೊಳ್ಳುವುದು ಒಳ್ಳೆಯದು. ಬೀಡಿ ಸಿಗರೇಟಿನ ಅಂಗಡಿ ಅದು, ಹೊರಗೆ ದೊಡ್ಡ ಟಿ ಅಕ್ಷರದ ಬೋರ್ಡ್ ಇರುತ್ತದೆ. ಬಸ್ಸಿನ ಒಳಗೂ ಮುದ್ರೆಯ ಪೆಟ್ಟಿಗೆ ಇದೆ. ಈ ಸಲ ಹತ್ತಿದ ಕೂಡಲೇ ಒತ್ತಿಸಿದೆ. ಬಸ್ಸು ಬಾರ್ಕೊಲಾದ ಸಮುದ್ರದ ದಂಡೆಯಲ್ಲೇ ಸಾಗಿ, ಕೊನೆಗೆ ಪುಟ್ಟ ದೋಣಿಗಳ ಬಂದರಿನ ಹತ್ತಿರ ಇಳಿಸಿತು. ಗೆಸ್ಟ್‌ಹೌಸಿನ ದೀಪ ಅಲ್ಲೇ ಕಾಣುತ್ತಿತ್ತು.

ಎರಡು ವಾರದ ಕಥೆ ಬೇರೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಬೋರಾ ಗಾಳಿಯ ಬಗ್ಗೆ ಮಾತ್ರ ಒಂದು ಮಾತು. ಕಾರ್ಸೊ ಗುಡ್ಡದ ಮೇಲಿನಿಂದ ಸಮುದ್ರಕ್ಕೆ ಇಳಿಯುವ ತಣ್ಣನೆ ಒಣಗಾಳಿ ಅದು. ಜೋರಾದಾಗ ಗಂಟೆಗೆ 100 ಕಿಲೋಮೀಟರ್ ದಾಟುತ್ತದೆ. ಹಿಂದೆ ಜನ ಹಿಡಿದುಕೊಂಡು ನಡೆಯಲಿ ಅಂತ ಬೀದಿಗಳಲ್ಲಿ ಹಗ್ಗ ಕಟ್ಟುತ್ತಿದ್ದರಂತೆ. ಚಳಿಗಾಲದಲ್ಲಿ ಹೋಗುವವರು ಕೊಡೆಯ ಬದಲು ಕಿವಿ ಮುಚ್ಚುವ ಟೋಪಿ ತೆಗೆದುಕೊಂಡು ಹೋಗಿ. ನಾನು ಹೊರಡುವ ಹಿಂದಿನ ಎರಡು ದಿನ ಅದು ಬೀಸಿತು, ಬಸ್ ಸ್ಟಾಪಿನಲ್ಲಿ ಕಂಬ ಹಿಡಿದು ನಿಂತಿದ್ದೆ.

ಗಾಳಿಗಿಂತ ದೊಡ್ಡ ಸುದ್ದಿ ಬುಧವಾರ ಸಂಜೆ ಬಂತು. ಗೆಸ್ಟ್‌ಹೌಸಿನ ಕೌಂಟರಿನಲ್ಲಿ ಒಂದು ಚೀಟಿ ಅಂಟಿಸಿದ್ದರು. ಶುಕ್ರವಾರ ರೈಲ್ವೆ ಮುಷ್ಕರ. ನನ್ನ ವಿಮಾನ ಶುಕ್ರವಾರ ಮಧ್ಯಾಹ್ನ.

ಇಟಲಿಯಲ್ಲಿ ಓಡಾಡುವವರು ಶೋಪೆರೊ ಅನ್ನುವ ಪದ ಕಲಿತಿರಬೇಕು. ಮುಷ್ಕರ ಅಂತ ಅರ್ಥ. ಅಲ್ಲಿ ಇದು ಅಪರೂಪವಲ್ಲ, ಗುಟ್ಟಾಗಿ ನಡೆಯುವುದೂ ಅಲ್ಲ. ಮೊದಲೇ ತಿಳಿಸಿ ಮಾಡುತ್ತಾರೆ. 1990ರ ಒಂದು ಕಾಯ್ದೆ ಇದೆ. ಜನರಿಗೆ ತೀರಾ ಬೇಕಾದ ಸೇವೆಗಳಲ್ಲಿ ಮುಷ್ಕರ ಮಾಡಿದರೂ ಸ್ವಲ್ಪ ಭಾಗ ನಡೆಸಲೇಬೇಕು. ರೈಲಿನಲ್ಲಿ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಖಾತರಿಯ ಹೊತ್ತು. ಕೆಲಸಕ್ಕೆ ಹೋಗುವವರು ಹೋಗಿ ಬರಲಿ ಅಂತ. ಯಾವ ದಿನ ಯಾವ ಮುಷ್ಕರ ಅಂತ ಅಲ್ಲಿನ ಸಾರಿಗೆ ಸಚಿವಾಲಯ ಪಟ್ಟಿ ಹಾಕುತ್ತದೆ. ಕೆಲಸಗಾರರ ಹಕ್ಕನ್ನೂ ಪ್ರಯಾಣಿಕರ ಪಾಡನ್ನೂ ಒಟ್ಟಿಗೆ ಇಟ್ಟು ಯೋಚಿಸಿದ ಏರ್ಪಾಡು ಇದು, ನನಗೆ ಸರಿ ಅನ್ನಿಸಿತು.

ಶಿಬಿರದಲ್ಲಿ ನನ್ನ ಪಕ್ಕ ಕೂರುತ್ತಿದ್ದ ನೈಜೀರಿಯಾದ ಪ್ರೊಫೆಸರ್ ಒಬ್ಬರಿಗೂ ಅದೇ ವಿಮಾನ. ಇಬ್ಬರೂ ಸೇರಿ ಬೆಳಿಗ್ಗೆ ಬೇಗ ಹೊರಟೆವು. ಸಿಟಿ ಬಸ್ಸಿಗೆ ಮುಷ್ಕರ ಇರಲಿಲ್ಲ. ಏಳೂಮುಕ್ಕಾಲಿಗೆ ಸ್ಟೇಷನ್ ಸೇರಿದೆವು. 9ರ ಒಳಗೆ ರೈಲು ಸಿಕ್ಕೇ ಸಿಗುತ್ತದೆ ಅನ್ನುವ ನಂಬಿಕೆ.

ಬೋರ್ಡಿನಲ್ಲಿ ನಾವು ಹಿಡಿಯಬೇಕೆಂದಿದ್ದ ರೈಲಿನ ಮುಂದೆ ಕಾಂಚೆಲ್ಲಾತೊ ಅಂತ ಬಂತು. ರದ್ದು. ಖಾತರಿಯ ಹೊತ್ತಿನಲ್ಲಿ ಎಲ್ಲ ರೈಲೂ ಓಡುವುದಿಲ್ಲ, ಪಟ್ಟಿಯಲ್ಲಿರುವ ರೈಲು ಮಾತ್ರ ಓಡುತ್ತವೆ ಅಂತ ಆಗ ತಿಳಿಯಿತು. ಹೊತ್ತು ಗೊತ್ತಿದ್ದರೆ ಸಾಲದು, ರೈಲಿನ ನಂಬರನ್ನೂ ಆ ಪಟ್ಟಿಯಲ್ಲಿ ನೋಡಿಕೊಳ್ಳಬೇಕಿತ್ತು.

ಅಷ್ಟರಲ್ಲಿ ಪ್ರೊಫೆಸರ್ ಬೋರ್ಡಿನ ಕಡೆ ಕೈ ತೋರಿಸಿ, "ಉದಿನೆಗೆ ಒಂದು ರೈಲು ಹೊರಡ್ತಾ ಇದೆ, ಏರ್‌ಪೋರ್ಟ್ ಅದೇ ದಾರಿಯಲ್ಲಿ ಅಲ್ವಾ, ಬನ್ನಿ" ಅಂತ ಹೊರಟೇಬಿಟ್ಟರು. ನಾನು ತಡೆದೆ. ಈ ಒಂದು ವಿಷಯವನ್ನು ಹಿಂದಿನ ರಾತ್ರಿ ನಕ್ಷೆ ಇಟ್ಟುಕೊಂಡು ಓದಿದ್ದೆ. ಟ್ರಿಯೆಸ್ತೆಯಿಂದ ಉದಿನೆಗೆ ಎರಡು ದಾರಿ. ಮೊನ್‌ಫಾಲ್ಕೊನೆ ದಾಟಿದ ಮೇಲೆ ಹಳಿ ಕವಲೊಡೆಯುತ್ತದೆ. ಒಂದು ಗೊರಿತ್ಸಿಯಾ ಮೇಲೆ ಹೋಗುತ್ತದೆ, ಇನ್ನೊಂದು ಚೆರ್ವಿನ್ಯಾನೊ ಮೇಲೆ. ಏರ್‌ಪೋರ್ಟ್ ಇರುವುದು ಚೆರ್ವಿನ್ಯಾನೊ ದಾರಿಯಲ್ಲಿ. ಗೊರಿತ್ಸಿಯಾ ರೈಲು ಹತ್ತಿದರೆ ಏರ್‌ಪೋರ್ಟನ್ನು ಒಂದು ಪಕ್ಕಕ್ಕೆ ಬಿಟ್ಟು ಬೇರೆ ಕಡೆ ಹೋಗಿಬಿಡುತ್ತೇವೆ. ಬೋರ್ಡಿನಲ್ಲಿದ್ದದ್ದು ಅದೇ ಗೊರಿತ್ಸಿಯಾ ರೈಲು. ಬರುವಾಗ ಇದರ ಚಿಂತೆ ಇಲ್ಲ, ಟ್ರಿಯೆಸ್ತೆ ಅಂತ ಬರೆದ ರೈಲು ಹತ್ತಿದರೆ ಮುಗಿಯಿತು. ಹೋಗುವಾಗ ಮಾತ್ರ ಕೊನೆಯ ಊರಿನ ಹೆಸರು ನೋಡಬೇಡಿ. ನಡುವೆ ನಿಲ್ಲುವ ಸ್ಟೇಷನ್ನುಗಳಲ್ಲಿ ಟ್ರಿಯೆಸ್ತೆ ಏರ್‌ಪೋರ್ಟ್ ಅಂತ ಇದೆಯಾ ನೋಡಿ.

ಟ್ಯಾಕ್ಸಿ ಸಾಲಿನಲ್ಲಿ ಆಗಲೇ ಜನ ತುಂಬಿದ್ದರು. ಫೋನ್ ತೆಗೆದೆ. ದಾರಿ ಹುಡುಕಲು ಹೋದವಳ ಕೈಗೆ ಮೇಷ್ಟ್ರ ಡೈರಿಯ ಫೋಟೋ ಸಿಕ್ಕಿತು. ಪೆನ್ಸಿಲಿನ ಆ ಪುಟ್ಟ ನಕ್ಷೆ. ಸ್ಟೇಷನ್ ಅಂತ ಒಂದು ಚೌಕ, ಅದರ ಪಕ್ಕಕ್ಕೆ ಅಂಟಿಸಿ ಇನ್ನೊಂದು ಚೌಕ. ಒಳಗೆ ಕನ್ನಡದಲ್ಲಿ ಬಸ್ ಸ್ಟ್ಯಾಂಡ್ ಅಂತ ಬರೆದಿದ್ದರು.

ಸ್ಟೇಷನ್ನಿನ ಬಾಗಿಲಿನಿಂದ ಪಕ್ಕಕ್ಕೆ ತಿರುಗಿದೆವು. ಆಸ್ಟ್ರಿಯಾ ಕಾಲದ ಉದ್ದನೆಯ ಹಳೆ ಉಗ್ರಾಣವೊಂದಿದೆ, ಸೀಲೊಸ್ ಅನ್ನುತ್ತಾರೆ. ಬಸ್ ಸ್ಟ್ಯಾಂಡ್ ಅದರಲ್ಲೇ ಇದೆ. ಅಂದೂ ಅಲ್ಲೇ, ಇಂದೂ ಅಲ್ಲೇ. ಕೌಂಟರಿನಲ್ಲಿ ಏರೊಪೋರ್ತೊ ಅಂದೆ. ಎರಡು ಬೆರಳು ತೋರಿಸಿದೆ. ಎರಡು ಟಿಕೆಟ್ ಬಂತು. ಮುಷ್ಕರ ರೈಲಿಗೆ ಮಾತ್ರ, ಆ ಬಸ್ಸಿಗೆ ಇಲ್ಲ. ನಮ್ಮ ಹಾಗೇ ಯೋಚನೆ ಮಾಡಿದ ಜನ ಬೇಕಾದಷ್ಟಿದ್ದರು. ಡಿಕ್ಕಿಯಲ್ಲಿ ಬ್ಯಾಗಿನ ಮೇಲೆ ಬ್ಯಾಗ್ ಪೇರಿಸಿದರು. ಪ್ರೊಫೆಸರ್ ಹಿಂದಿನ ಸೀಟಿಗೆ ಹೋದರು. ನನಗೆ ಎಡಗಡೆ ಕಿಟಕಿ ಸಿಕ್ಕಿತು.

ರೈಲಿನಷ್ಟು ವೇಗ ಇಲ್ಲ, ಹೆಚ್ಚು ಕಡಿಮೆ ಒಂದು ಗಂಟೆ ಹಿಡಿಯಿತು. ಆದರೆ ಬಸ್ಸು ಊರೂರಿನ ಒಳಗೆ ಹೋಗುತ್ತದೆ. ಸಿಸ್ತಿಯಾನಾದಲ್ಲಿ ಒಬ್ಬ ಅಜ್ಜಿ ತರಕಾರಿ ಗಾಡಿ ಎಳೆದುಕೊಂಡು ಹತ್ತಿದರು. ದುಯಿನೊದಲ್ಲಿ ಶಾಲೆಗೆ ಬಂದ ಬೇರೆ ಬೇರೆ ದೇಶದ ಮಕ್ಕಳು. ಅದನ್ನು ದಾಟಿದ ಮೇಲೆ ರಸ್ತೆ ಪಕ್ಕದಲ್ಲಿ ಮರಗಳ ಗುಂಪು, ಅದರೊಳಗೆ ತಿಮಾವೊ ನದಿ ನೆಲದಿಂದ ಮೇಲೇಳುವ ಜಾಗ ಇದೆ. ಸ್ಲೊವೇನಿಯಾದ ಗುಹೆಯೊಂದರಲ್ಲಿ ಇಳಿದು ಮಾಯವಾಗುವ ನದಿ, ಎಷ್ಟೋ ದೂರ ಕಲ್ಲಿನ ಕೆಳಗೇ ಹರಿದು ಇಲ್ಲಿ ಮತ್ತೆ ಹೊರಗೆ ಬರುತ್ತದೆ. ಬರುವಾಗ ರೈಲಿನಲ್ಲಿ ಇದರ ಸುಳಿವೇ ಇರಲಿಲ್ಲ. ಮಲೆನಾಡಿನಲ್ಲಿ ಹುಟ್ಟಿದವಳು ನಾನು, ನದಿ ಹುಟ್ಟುವ ಜಾಗ ಅಂದರೆ ಕೈ ಮುಗಿಯುವುದು ಅಭ್ಯಾಸ. ಬಸ್ಸಿನಲ್ಲೇ ಮುಗಿದೆ.

ಒಂಬತ್ತೂವರೆಗೆಲ್ಲ ಏರ್‌ಪೋರ್ಟ್ ಸೇರಿದೆವು. ಚೆಕ್‌ಇನ್ ಇನ್ನೂ ತೆರೆದಿರಲಿಲ್ಲ. ಪ್ರೊಫೆಸರ್ ಕಾಫಿ ಕುಡಿಸುತ್ತೇನೆ ಅಂದರು, ನಾನೇ ಕೊಡಿಸುತ್ತೇನೆ ಅಂತ ಹೋದೆ. ಟ್ರಿಯೆಸ್ತೆಯ ಕಾಫಿಗೆ ಅದರದೇ ಹೆಸರುಗಳಿವೆ. ಬೇರೆ ಕಡೆ ಎಸ್ಪ್ರೆಸೊ ಅನ್ನುವುದನ್ನು ಇಲ್ಲಿ ನೇರೊ ಅನ್ನುತ್ತಾರೆ, ಅಂದರೆ ಕಪ್ಪು. ಅದಕ್ಕೆ ಒಂದು ತೊಟ್ಟು ಹಾಲು ಬಿದ್ದರೆ ಕಾಪೊ. ಕಾಫಿಯ ದೊಡ್ಡ ಬಂದರು ಇದು, 'ಇಲ್ಲಿ' (illy) ಅನ್ನುವ ಹೆಸರಿನ ಕಾಫಿ ಕಂಪನಿ 1933ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ನಮ್ಮ ದೇಶದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವುದು ಇಟಲಿ. ನಮ್ಮ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವುದು ಕರ್ನಾಟಕದಲ್ಲಿ, ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನದಲ್ಲಿ. ಆ ಪುಟ್ಟ ಲೋಟದಲ್ಲಿ ನಮ್ಮ ತೋಟದ ರೊಬಸ್ಟಾ ಎಷ್ಟಿತ್ತೋ. ಪ್ರೊಫೆಸರಿಗೆ ಇದನ್ನೆಲ್ಲ ಹೇಳಿದೆ. ಅವರು ಇನ್ನೊಂದು ನೇರೊ ತೆಗೆದುಕೊಂಡರು.

ಊರಿನಲ್ಲಿ ಆಗ ಮಧ್ಯಾಹ್ನ ಎರಡು ಗಂಟೆ. ಮೇಷ್ಟ್ರು ಊಟ ಮುಗಿಸಿ ಪೇಪರ್ ಓದುವ ಹೊತ್ತು. ಫೋನ್ ಮಾಡಿದೆ.

"ಸರ್, ಏರ್‌ಪೋರ್ಟಿಗೆ ಬಂದೆ. ರೈಲು ಮುಷ್ಕರ. ನಿಮ್ಮ ಬಸ್ಸಲ್ಲೇ ಬಂದೆ."

"ಬಸ್ಸಾ? ಅದು ಇನ್ನೂ ಓಡ್ತಾ ಇದೆಯಾ?"

"ಓಡ್ತಾ ಇದೆ ಸರ್. ಸ್ಟ್ಯಾಂಡೂ ನೀವು ಬರೆದ ಜಾಗದಲ್ಲೇ ಇದೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಪೇಪರ್ ಮಡಿಸುವ ಸದ್ದು ಕೇಳಿಸಿತು.

"ಯಾವ ಕಡೆ ಕೂತಿದ್ದೆ?"

"ಎಡಗಡೆ ಸರ್. ಬರುವಾಗ ಬಲಗಡೆ."

"ಹಾಗಾದರೆ ಎರಡು ಸಲವೂ ನೋಡಿದೆ" ಅಂದರು.